ಒಂದು ಎನ್ನದ ಮನೆ

ನನ್ನ ಅತ್ತೆ ಅನಂತಮತಿಯವರು ‘ಒಂದು’ ಎನ್ನುತ್ತಿರಲಿಲ್ಲ. ಕುಶಾಲಿಗೆ ಹೇಳುತ್ತಿಲ್ಲ. ಬೇಕಾದರೆ ಮೂಡುಬಿದಿರೆಯ ಜೈನಪೇಟೆಯಲ್ಲಿ ಹಳಬರು ಯಾರಾದರೂ ಸಿಕ್ಕಿದರೆ ಕೇಳಿ ನೋಡಿ.

ಭತ್ತ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ಕ್ರಮ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಉಂಟು. ಲಾಭ, ಎರಡು, ಮೂರು ಎಂದು ಎಣಿಕೆ ಹೋಗುತ್ತದೆ. ಒಂದು ಎಂದರೆ ಅದು ಒಂದೇ ಆಗಿ ನಿಂತುಬಿಟ್ಟೀತು ಎಂಬ ಹೆದರಿಕೆ, ಅಷ್ಟೆ. ನನ್ನ ತವರು ಬಂಟ್ವಾಳದಲ್ಲೂ ಹಾಗೆಯೇ ಅಳೆಯುತ್ತಿದ್ದರು. ಆದರೆ ರಾಶಿ ಮುಗಿದು ಅಂಗಳ ಗುಡಿಸಿದ ಮೇಲೆ ಅಲ್ಲಿ ಎಲ್ಲರೂ ಧಾರಾಳವಾಗಿ ‘ಒಂದು ಲೋಟ ನೀರು ಕೊಡಿ’ ಎನ್ನುತ್ತಿದ್ದರು. ನನ್ನ ಅತ್ತೆಗೆ ಅಷ್ಟು ಸಾಲದು. ಗಂಜಿಗೆ ಅಕ್ಕಿ ಅಳೆದರೂ ಲಾಭ, ತೆಂಗಿನಕಾಯಿ ಎಣಿಸಿದರೂ ಲಾಭ, ಒಗೆದ ಸೀರೆ ಮಡಚಿಟ್ಟರೂ ಲಾಭ. ಮಧ್ಯಾಹ್ನ ಗಡಿಯಾರ ಒಂದು ಹೊಡೆದಾಗ ಯಾರಾದರೂ ಗಂಟೆ ಕೇಳಿದರೆ ‘ಹನ್ನೆರಡು ಆಗಿ ಹೋಯಿತು’ ಎನ್ನುವರು. ಹೊಸಬರು ‘ನಿಮಗೆ ಮಕ್ಕಳೆಷ್ಟು?’ ಎಂದರೆ ‘ದೇವರು ಕೊಟ್ಟಷ್ಟು’ ಎನ್ನುವರು. ದೇವರು ಕೊಟ್ಟದ್ದು ನನ್ನ ಗಂಡ ಭರತರಾಜರನ್ನು ಮಾತ್ರ.

ನಾನು ಮನೋರಮಾ. ಬಾಯಿ ಜೋರು, ಸಿಟ್ಟು ಬೇಗ, ನಗು ಅದಕ್ಕಿಂತ ಬೇಗ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೂರನ್ನೂ ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಮದುವೆಯಾಗಿ ಐದು ವರ್ಷವಾದರೂ ತೊಟ್ಟಿಲು ಕಟ್ಟಿರಲಿಲ್ಲ. ಅತ್ತೆ ಆ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅವರು ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದೆನೋ ಏನೋ. ಬೈಯದವರ ಜೊತೆ ಜಗಳ ಮಾಡುವುದು ಹೇಗೆ? ಮನೆ ದೊಡ್ಡದು, ಜನ ಮೂವರು, ಮಧ್ಯಾಹ್ನಗಳು ಉದ್ದ.

ಹಾಗಿರುವಾಗ ಐವತ್ತೇಳನೇ ಇಸವಿಯ ಕೊನೆಯಲ್ಲಿ ಇನೆಸ್ ಬಂದಳು.

ಸ್ಪೇನ್ ದೇಶದವಳು. ಚಿತ್ರ ಬರೆಯುವವಳು. ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂದು ಯಾರೋ ಹೇಳಿದ್ದು ಕೇಳಿ, ಅಷ್ಟನ್ನೂ ಬರೆಯಬೇಕೆಂದು ಮಂಗಳೂರಿನಿಂದ ಬಸ್ಸು ಹತ್ತಿ ಬಂದಿದ್ದಳು. ಉದ್ದ ಹೆಂಗಸು, ತಲೆಗೆ ಹುಲ್ಲಿನ ಟೊಪ್ಪಿ, ಕಂಕುಳಲ್ಲಿ ಬಾಗಿಲಿನಷ್ಟು ದೊಡ್ಡ ಹಲಗೆ. ಬಸದಿಯ ಹಿರಿಯರು ಯೋಚನೆ ಮಾಡಿ, ಯಾವುದಾದರೂ ಜೈನರ ಮನೆಯಲ್ಲಿ ನಿಂತು ನಮ್ಮ ಕ್ರಮದಲ್ಲಿ ಇರುವುದಾದರೆ ಬರೆಯಬಹುದು ಎಂದರು. ಪೇಟೆಯಲ್ಲಿ ಯಾರೂ ಮುಂದೆ ಬರಲಿಲ್ಲ. ನನ್ನ ಗಂಡನಿಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ. ಮಹಡಿಯ ಕೋಣೆ ಖಾಲಿ ಉಂಟು ಎಂದು ಹೇಳಿ ಬಂದರು, ಹೇಳಿ ಬಂದ ಮೇಲೆ ಅತ್ತೆಯ ಮುಂದೆ ತಲೆ ತುರಿಸುತ್ತಾ ನಿಂತರು.

ಅತ್ತೆ ಇನೆಸಳನ್ನು ಟೊಪ್ಪಿಯಿಂದ ಕಾಲಿನ ತನಕ ನೋಡಿದರು. “ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಮೊಟ್ಟೆ, ಮೀನು ಗೇಟಿನ ಒಳಗೆ ಬರಲಿಕ್ಕಿಲ್ಲ. ಮನೆಯ ಕ್ರಮ ಮುರಿದರೆ ಮರುದಿನದ ಬಸ್ಸು. ಒಪ್ಪಿಗೆ ಉಂಟಾ ಕೇಳು.”

ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಕೇಳಿದೆ. ಇನೆಸಳ ಇಂಗ್ಲಿಷೂ ನನ್ನದರಷ್ಟೇ ಕುಂಟುತ್ತಿತ್ತು, ಆದ್ದರಿಂದ ನಾವಿಬ್ಬರೂ ಚೆನ್ನಾಗಿ ಜೊತೆಯಾಗಿ ನಡೆದೆವು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಮಳೆಗಾಲ ಹಿಡಿಯುವ ಮೊದಲು ಕೆಲಸ ಮುಗಿಯಬೇಕು, ಅಷ್ಟು ದಿನ ನಿಲ್ಲಲು ಬಿಟ್ಟರೆ ಸಾಕು ಎಂದಳು. ಈ ಮನೆ ಬಿಟ್ಟರೆ ಅವಳಿಗೆ ಬೇರೆ ಮನೆಯಿಲ್ಲ, ಮನೆಯಿಲ್ಲದಿದ್ದರೆ ಕಂಬಗಳೂ ಇಲ್ಲ.

ಒಂದೇ ವಾರದಲ್ಲಿ ಅತ್ತೆ ಅವಳನ್ನು ‘ಇನೇಸಮ್ಮ’ ಮಾಡಿದರು. ಅವಳು ಬೆಳಿಗ್ಗೆ ಗಂಜಿ ಕುಡಿದು ಬಸದಿಗೆ ಹೋದರೆ ಊಟಕ್ಕೆ ಬರುತ್ತಿದ್ದಳು, ಬಿಸಿಲು ಇಳಿಯುವಾಗ ಮತ್ತೆ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಒಂದು ಹೊಸ ಕಂಬ ಮುಗಿದರೆ ಓಡಿ ಬಂದು ತೋರಿಸುವಳು. ಮದುವೆಯಾಗಿ ಬಂದಾಗಿನಿಂದ ನೋಡಿದ ಬಸದಿ, ಆದರೂ ಅಲ್ಲಿ ಅಂಥ ಬಳ್ಳಿ ಉಂಟು, ಅಂಥ ಮೃಗ ಉಂಟು ಎಂದು ಅತ್ತೆಗೇ ಗೊತ್ತಿರಲಿಲ್ಲ. ಅವರು ಕನ್ನಡಕ ಏರಿಸಿ ನೋಡಿ ‘ಹ್ಞೂಂ’ ಎನ್ನುವರು. ಅತ್ತೆಯ ‘ಹ್ಞೂಂ’ ಎಂದರೆ ಬೇರೆಯವರು ಶಾಲು ಹೊದೆಸಿದ ಹಾಗೆ.

ನನಗೆ ಮಾತ್ರ ಐದು ವರ್ಷದಲ್ಲಿ ಮೊದಲ ಸಲ ಗೆಳತಿ ಸಿಕ್ಕಿದ್ದಳು. ಅವಳು ನನಗೆ ಒಂದು ಶಬ್ದ ಕೊಟ್ಟರೆ ನಾನು ಅವಳಿಗೆ ಒಂದು ಶಬ್ದ ಕೊಡಬೇಕು ಎಂದು ನಮ್ಮ ಒಪ್ಪಂದ. ಬೆರಳು ಮಡಚಿ ಅವಳು ಎಣಿಸಿದಳು: ಉನೋ, ದೋಸ್, ತ್ರೆಸ್. ನಾನು ಹೇಳಿದೆ. ಪಕ್ಕದಲ್ಲಿ ಅಕ್ಕಿ ಗೇರುತ್ತಿದ್ದ ಕೆಲಸದ ಸೇಸಮ್ಮ “ದೋಸೆಯಾ? ಈಗ ಎಲ್ಲಿಂದ ದೋಸೆ?” ಎಂದು ಗೆರಸೆ ನಿಲ್ಲಿಸಿದಳು. ಮೂವರೂ ಬಿದ್ದು ಬಿದ್ದು ನಕ್ಕೆವು. ಒಳಗಿನಿಂದ ಅತ್ತೆ ಕೆಮ್ಮಿದರು.

ಇನ್ನು ಕನ್ನಡದ ಎಣಿಕೆ. ಅದನ್ನು ಕಲಿಸಿದ್ದು ಸ್ವತಃ ಅತ್ತೆ. ಅಡುಗೆಮನೆಯ ಹೊಸ್ತಿಲಾಚೆ ಇನೆಸಳನ್ನು ಕೂರಿಸಿ, ಪಾವಿನಲ್ಲಿ ಅಕ್ಕಿ ಅಳೆಯುತ್ತಾ ಹೇಳಿದರು: “ಲಾಭ. ಎರಡು. ಮೂರು.” ಇನೆಸ್ ಗಿಣಿಯ ಹಾಗೆ ಒಪ್ಪಿಸಿದಳು: “ಲಾಭ, ಎರಡು, ಮೂರು.” ನಾನು ಅಲ್ಲೇ ಇದ್ದೆ, ತಿದ್ದಲಿಲ್ಲ. ನಿಜ ಹೇಳಬೇಕೆಂದರೆ, ತಿದ್ದಲು ಏನಾದರೂ ಉಂಟೆಂದು ನನಗೆ ಹೊಳೆಯಲೇ ಇಲ್ಲ. ಐದು ವರ್ಷ ಆ ಮನೆಯಲ್ಲಿದ್ದು ನನ್ನ ಎಣಿಕೆಯೂ ಲಾಭದಿಂದಲೇ ಶುರುವಾಗುತ್ತಿತ್ತು.

ಪರಿಣಾಮ ಬಸ್ ಸ್ಟ್ಯಾಂಡಿನ ಇದಿನಬ್ಬನ ಬಾಳೆಹಣ್ಣಿನ ಅಂಗಡಿಯಲ್ಲಿ ಗೊತ್ತಾಯಿತು. ಇನೆಸ್ ಹೋಗಿ ನಗುಮುಖದಿಂದ “ಲಾಭ ಬಾಳೆಹಣ್ಣು ಕೊಡಿ” ಎಂದಳಂತೆ. ಇದಿನಬ್ಬ ಕಕ್ಕಾಬಿಕ್ಕಿ.

“ಲಾಭವಾ? ಎಂಥ ಲಾಭ ಅಮ್ಮಾ, ಕದಳಿಯಲ್ಲಿ ಲಾಭ ಎಲ್ಲುಂಟು? ಅರ್ಧ ಕೊಳೆತು ಹೋಗ್ತದೆ.”

“ಲಾಭ,” ಎಂದು ಇನೆಸ್ ಬೆರಳು ತೋರಿಸಿದಳು. ಒಂದೇ ಬೆರಳು.

ಇದಿನಬ್ಬನಿಗೆ ಬೆರಳು ನೋಡಿದ ಮೇಲೆ ಬುದ್ಧಿ ಓಡಿತು. ಅವಳು ಯಾರ ಮನೆಯಲ್ಲಿ ಇರುವುದೆಂದು ಅವನಿಗೆ ಗೊತ್ತಿತ್ತಲ್ಲ. ಹೊಟ್ಟೆ ಹಿಡಿದು ನಕ್ಕು, ಒಂದು ಹಣ್ಣು ಮುರಿದು ಕೈಗಿಟ್ಟು, “ಲಾಭ ನನಗೆ ಇರಲಿ ಅಮ್ಮಾ. ಇದು ಒಂದು. ಹೇಳಿ, ಒಂದು” ಎಂದು ಅಂಗಡಿಯ ಮುಂದೆಯೇ ಪಾಠ ಮಾಡಿದ. ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲ ಸೇರಿಕೊಂಡು ‘ಒಂದು, ಒಂದು’ ಎಂದು ಹೇಳಿಕೊಟ್ಟರಂತೆ. ಇದನ್ನೆಲ್ಲ ನನಗೆ ಇದಿನಬ್ಬನೇ ಆಮೇಲೆ ಹೇಳಿದ್ದು. ಇನೆಸ್ ಮಾತ್ರ ಏನೂ ಹೇಳಲಿಲ್ಲ. ಹೊಸ ಶಬ್ದವನ್ನು ಒಳ್ಳೆಯ ಹೊತ್ತು ನೋಡಿ ಹೊರಗೆ ತೆಗೆದು ಅತ್ತೆಯನ್ನು ಸಂತೋಷಪಡಿಸಬೇಕೆಂದು ಬಚ್ಚಿಟ್ಟುಕೊಂಡಳು. ಪಾಪ!

ಆ ಒಳ್ಳೆಯ ಹೊತ್ತು ಬಂದದ್ದು ಸುಗ್ಗಿ ಬೆಳೆಯ ರಾಶಿ ಅಳೆಯುವ ದಿನ.

ಮನೆಯ ಹಿಂದಿನ ಗದ್ದೆ ನಮ್ಮದೇ ಬೇಸಾಯ. ಸೆಗಣಿ ಸಾರಿಸಿದ ಅಂಗಳದಲ್ಲಿ ಭತ್ತದ ರಾಶಿ. ಅತ್ತೆ ರಾಶಿಗೆ ದೀಪ ತೋರಿಸಿ ಕೈಮುಗಿದರು. ಅಳೆಯುವವನು ನೋಣಯ್ಯ. ಅವನ ಅಪ್ಪ ಅಳೆಯುತ್ತಿದ್ದ, ಅಪ್ಪನ ಅಪ್ಪನೂ ಅಳೆಯುತ್ತಿದ್ದ. ಅವನು ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಅಳತೆಯ ಕಳಸೆ ತುಂಬಿಸಿ, ಅಂಗೈಯಿಂದ ಮೇಲೆ ಸವರಿ, ರಾಗವಾಗಿ ‘ಲಾ...ಭ’ ಎಂದು ಸೇಸಮ್ಮನ ಬುಟ್ಟಿಗೆ ಸುರಿಯಬೇಕು. ಸೇಸಮ್ಮ ಅದನ್ನು ಒಳಗೆ ಭತ್ತ ತುಂಬಿಡುವ ಪತ್ತಾಯಕ್ಕೆ ಹೊತ್ತು ಹಾಕಬೇಕು. ಅಳೆಯುವವನ ಸ್ವರ ಬಿಟ್ಟರೆ ಬೇರೆ ಯಾರ ಸ್ವರವೂ ಇರಬಾರದು. ನಾನು ಜಗಲಿಯ ಮೆಟ್ಟಿಲಲ್ಲಿ, ಇನೆಸ್ ನನ್ನ ಪಕ್ಕದಲ್ಲಿ.

ನೋಣಯ್ಯ ಮೊದಲ ಕಳಸೆ ಎತ್ತಿದ. ಸವರಿದ. ಬಾಯಿ ತೆರೆದ. ಅಷ್ಟರಲ್ಲಿ ನನ್ನ ಪಕ್ಕದಿಂದ ಗಂಟೆ ಹೊಡೆದ ಹಾಗೆ ಬಂತು:

“ಒಂದು!”

ಚಪ್ಪಾಳೆ ಬೇರೆ. ಅತ್ತೆಯ ಕಡೆ ನೋಡಿ, ಬಹುಮಾನ ಕೊಡಿ ಎಂಬಂತೆ ನಗು ಬೇರೆ.

“ಅಯ್ಯೋ ದೇವೆರೇ!” ಎಂದ ನೋಣಯ್ಯ. ಕಳಸೆ ಅವನ ಕೈಯಿಂದ ಜಾರಿ ಭತ್ತವೆಲ್ಲ ಮತ್ತೆ ರಾಶಿಗೇ ಬಿತ್ತು. ಸೇಸಮ್ಮ ಬಾಯಿಗೆ ಸೆರಗು ಒತ್ತಿದಳು. ಅತ್ತೆಯ ಮುಖ ಸುಣ್ಣವಾಗಿತ್ತು.

“ಇವತ್ತು ಅಳೆಯುವುದು ಬೇಡ,” ಎಂದರು. “ಚಾಪೆ ಮುಚ್ಚು ನೋಣಯ್ಯ. ನಾಳೆ ನೋಡುವ.” ಮತ್ತೆ ನನ್ನ ಕಡೆ ತಿರುಗಿ, “ಇನೇಸಮ್ಮನಿಗೆ ಗಂಟು ಕಟ್ಟಲಿಕ್ಕೆ ಹೇಳು. ನಾಳೆಯ ಬಸ್ಸು.”

ನಾನು ಏನೆಂದು ಹೇಳಲಿ? ಇಂಗ್ಲಿಷಿನಲ್ಲಿ ‘ಹೋಗು’ ಎನ್ನುವ ಶಬ್ದ ನನಗೆ ಒಂದನೇ ಪಾಠದಲ್ಲೇ ಬಂದಿತ್ತು, ಆದರೆ ಅದೊಂದನ್ನು ಬಿಟ್ಟು ಉಳಿದ ಶಬ್ದಗಳನ್ನೆಲ್ಲ ಹುಡುಕಿದೆ. ಕೊನೆಗೆ ಹೇಗೋ ತಿಳಿಸಿದೆ. ಇನೆಸ್ ಅಂಗಳ ನೋಡಿದಳು, ರಾಶಿ ನೋಡಿದಳು, ತನ್ನ ಕೈ ನೋಡಿಕೊಂಡಳು. ಏನು ತಪ್ಪು ಮಾಡಿದೆನೆಂದು ಅವಳಿಗೆ ಗೊತ್ತಾಗಲಿಲ್ಲ. ಇನ್ನೂ ಅರ್ಧ ಬಸದಿ ಬಾಕಿಯಿತ್ತು. ಮಹಡಿ ಹತ್ತಿದಳು. ಮೇಲೆ ಪೆಟ್ಟಿಗೆ ಎಳೆಯುವ ಸದ್ದು ಕೇಳಿದ್ದೇ ತಡ, ಅಟ್ಟಕ್ಕೆ ಹಾಕಿದ್ದ ನನ್ನ ಸಿಟ್ಟು ಧಡಧಡನೆ ಕೆಳಗೆ ಇಳಿಯಿತು.

ಅತ್ತೆ ಹಿಂದಿನ ಜಗಲಿಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರು. ಸೇಸಮ್ಮ ಗೆರಸೆ ಹಿಡಿದು ನಿಂತಿದ್ದಳು.

“ಅತ್ತೆ, ಅವರು ಬೇಕೆಂದು ಹೇಳಿದ್ದಲ್ಲ.”

“ಬೇಕೆಂದು ಹೇಳಿದ್ದು ಅಂತ ನಾನು ಹೇಳಿದೆನಾ?”

“ಮತ್ತೆ ಯಾಕೆ ಕಳಿಸ್ತೀರಿ? ಲಾಭ ಅಂತ ಕಲಿಸಿದ್ದು ನೀವು. ಅವರಿಗೆ ಅದು ಏನು ಅಂತ ಗೊತ್ತುಂಟಾ?”

“ಕ್ರಮ ಅಂದರೆ ಕ್ರಮ. ಮೊದಲೇ ಹೇಳಿದ್ದೇನೆ.”

“ಎಂಥ ಕ್ರಮ!” ನನ್ನ ಸ್ವರ ಗೇಟಿನ ತನಕ ಹೋಗಿರಬೇಕು. “ಹೇಳಿದರೆ ಎಂಥ ಆಗ್ತದೆ? ಆಕಾಶ ಬೀಳ್ತದಾ? ಒಂದು! ಒಂದು! ಒಂದು! ನೋಡುವ, ಎಂಥ ಬೀಳ್ತದೆ ಅಂತ!”

ಬಿದ್ದದ್ದು ಸೇಸಮ್ಮನ ಗೆರಸೆ. ಅಕ್ಕಿ ಜಗಲಿ ತುಂಬ ಚೆಲ್ಲಿತು.

ಅತ್ತೆ ಎದ್ದು ಬೈಯುವರೆಂದು ನಾನು ಸೊಂಟಕ್ಕೆ ಕೈಯಿಟ್ಟು ತಯಾರಾಗಿ ನಿಂತೆ. ಅವರು ಬೈಯಲಿಲ್ಲ. ಚೂರಿ ಕೆಳಗಿಟ್ಟರು. ಕಣ್ಣಲ್ಲಿ ನೀರು ತುಂಬಿ ಬಂತು. ಐದು ವರ್ಷದಲ್ಲಿ ಅತ್ತೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನ್ನ ಕೈ ತಾನಾಗಿ ಸೊಂಟದಿಂದ ಜಾರಿತು.

“ನನಗೆ ಹದಿನಾರು ವರ್ಷ,” ಎಂದರು ಅವರು, ಸೌತೆಕಾಯಿಗೆ ಹೇಳುವ ಹಾಗೆ. “ಮದುವೆಯಾಗಿ ಬಂದ ಮೊದಲ ಸುಗ್ಗಿ. ಇದೇ ಅಂಗಳ. ನೋಣಯ್ಯನ ಅಪ್ಪ ಅಳೆಯುತ್ತಿದ್ದ. ಮಕ್ಕಳಾಟಿಕೆ ನೋಡು, ಅವನಿಗಿಂತ ಮೊದಲು ನಾನು ಹೇಳಿಬಿಟ್ಟೆ. ಇನೇಸಮ್ಮ ಹೇಳಿದ ಹಾಗೆಯೇ, ನಗಾಡಿಕೊಂಡು. ಎರಡು ವರ್ಷದಲ್ಲಿ ಭರತ ಹುಟ್ಟಿದ. ಮತ್ತೆ ಯಾರೂ ಹುಟ್ಟಲಿಲ್ಲ. ‘ನೀನು ಹೇಳಿದ್ದು, ನಿನಗೆ ಸಿಕ್ಕಿತು’ ಅಂತ ನನ್ನ ಅತ್ತೆ ಕಣ್ಣು ಮುಚ್ಚುವವರೆಗೂ ಹೇಳಿದರು.”

“ಅತ್ತೆ, ಅದೆಲ್ಲ...”

“ನಿಲ್ಲು. ನನಗೆ ಅಷ್ಟಾದರೂ ಸಿಕ್ಕಿತು. ನಿನಗೆ ಅದೂ ಇಲ್ಲ. ನಾನು ಹೇಳಿದ ಶಬ್ದ ನಿನ್ನ ಮಡಿಲಿಗೆ ಬಂದು ಬಿತ್ತಾ ಅಂತ ನನಗೆ ದಿನಾ ಹೆದರಿಕೆ. ಅದಕ್ಕೇ ಬಾಯಿ ಕಟ್ಟಿದ್ದೇನೆ. ನಿನ್ನ ಎದುರಿಗೆ, ನೀನಿರುವ ಅಂಗಳದಲ್ಲಿ, ಇವತ್ತು ಇವರು ಬಂದು ಮತ್ತೆ ಅದನ್ನೇ...”

ಎಂಥ ಮಂಕು ನಾನು! ಐದು ವರ್ಷ ನಾನು ಅದನ್ನು ಜಿಪುಣತನ, ಹಟ, ಹಳೆಯ ಕಾಲದ ಹುಚ್ಚು ಎಂದೆಲ್ಲ ಎಣಿಸಿದ್ದೆ. ಅವರು ನನಗೋಸ್ಕರ ‘ಒಂದು’ ಎಣಿಸದೆ ಉಳಿದದ್ದು. ನಾನು ಅವರ ಪಕ್ಕದಲ್ಲಿ ಕೂತು, ಚೂರಿ ತೆಗೆದುಕೊಂಡು ಉಳಿದ ಸೌತೆಕಾಯಿ ಹೆಚ್ಚತೊಡಗಿದೆ. ನನಗೂ ಅಳು ಬರುತ್ತಿತ್ತು.

ಬೊಬ್ಬೆ ಕೇಳಿ ಇನೆಸ್ ಕೆಳಗೆ ಬಂದಿದ್ದಳು. ಬಾಗಿಲಲ್ಲಿ ನಿಂತು ಏನೆಂದು ಕೇಳಿದಳು. ಮುಚ್ಚುಮರೆ ಮಾಡಲು ನನ್ನಲ್ಲಿ ಇಂಗ್ಲಿಷ್ ಸಾಲದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನಮ್ಮಲ್ಲಿ ಮೊದಲನೆಯದನ್ನು ಎಣಿಸಿದರೆ ಅಲ್ಲಿಗೇ ನಿಲ್ಲುತ್ತದೆ ಎಂದು ಹೆದರಿಕೆ, ಅತ್ತೆ ಎಣಿಸಿದರು, ಅವರಿಗೆ ಮಗು ಅಲ್ಲಿಗೇ ನಿಂತಿತು, ಈಗ ನನ್ನ ಬಗ್ಗೆ ಹೆದರುತ್ತಾರೆ.

ಇನೆಸ್ ಕೇಳಿದಳು. ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವಳಿಗೆ ಕೈ ಮುಗಿಯುತ್ತೇನೆ. ಚೆಲ್ಲಿದ ಅಕ್ಕಿಯನ್ನು ಬದಿಗೆ ಸರಿಸಿ ಅತ್ತೆಯ ಮುಂದೆ ನೆಲದಲ್ಲೇ ಕೂತಳು. ಅವರ ಮೊಣಕಾಲು ಮುಟ್ಟಿ, ತನ್ನ ಹರಕು ಕನ್ನಡದಲ್ಲಿ ತಾನೇ ಶುರು ಮಾಡಿದಳು.

“ನನ್ನ ಅಜ್ಜಿ. ಹಳ್ಳಿ. ಗೋಧಿ.” ಗೋಧಿ ಎಂಬ ಶಬ್ದಕ್ಕೆ ನಾನು ಸಹಾಯ ಮಾಡಬೇಕಾಯಿತು. ಕಳಸೆ ಎತ್ತಿ ಸುರಿಯುವ ಹಾಗೆ ಕೈ ಮಾಡಿದಳು. “ಮೊದಲು... ಉನೋ. ದೊಡ್ಡ ಸ್ವರ. ಉನೋ!”

ಅತ್ತೆ ಸೆರಗಿನಿಂದ ಮೂಗು ಒರೆಸಿದರು. “ಹೌದಾ?”

“ಅಜ್ಜಿಗೆ ಮಕ್ಕಳು,” ಎಂದು ಇನೆಸ್ ಬೆರಳುಗಳನ್ನು ಎತ್ತಿ, ಅತ್ತೆ ಕಲಿಸಿದ ಎಣಿಕೆಯಲ್ಲಿ ಒಂದೂ ತಪ್ಪದೆ, ಸ್ಪಷ್ಟವಾಗಿ ಹೇಳಿದಳು: “ಒಂಬತ್ತು.”

ಅತ್ತೆ ಮೂಗಿನಿಂದ ಸೆರಗು ತೆಗೆದರು.

“ಎಷ್ಟು?” ಎಂದರು ಅತ್ತೆ.

“ಒಂಬತ್ತು.”

“ಎಲ್ಲ ಬದುಕಿದ್ದಾವಾ?”

ನಾನು ಕೇಳಿ ಹೇಳುವ ಮೊದಲೇ ಇನೆಸ್ ಎರಡೂ ಕಿವಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು. “ಬೊಬ್ಬೆ! ಯಾವಾಗಲೂ ಬೊಬ್ಬೆ!”

ಸೇಸಮ್ಮ ಮೊದಲು ನಕ್ಕಳು. ಮತ್ತೆ ನಾನು. ಅತ್ತೆ ನಗಲಿಲ್ಲ, ಲೆಕ್ಕ ಹಾಕುತ್ತಿದ್ದರು. ಅವರು ಲೆಕ್ಕ ಹಾಕುವಾಗ ತುಟಿ ಒಂದು ಬದಿಗೆ ಹೋಗುತ್ತದೆ. ಲಾಭ ಲಾಭ ಎಂದು ಇಷ್ಟು ವರ್ಷ ಹೇಳಿ ತನಗಾದದ್ದೇನು, ಉನೋ ಎಂದು ಆ ಅಜ್ಜಿಗಾದದ್ದೇನು ಎಂದು ಮನಸ್ಸಿನಲ್ಲೇ ತೂಗುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.

“ಅದೆಂಥದು ಶಬ್ದ? ಇನ್ನೊಮ್ಮೆ ಹೇಳಲಿಕ್ಕೆ ಹೇಳು,” ಎಂದರು.

“ಉನೋ,” ಎಂದಳು ಇನೆಸ್.

“ಉನ್ನೋ.”

“ಉನೋ.”

“ಉನೋ,” ಎಂದರು ಅತ್ತೆ. ಹೇಳಿ, ಮೇಲೆ ಹಂಚಿನ ಮಾಡಿನ ಕಡೆ ನೋಡಿದರು. ಮಾಡು ಗಟ್ಟಿಯಾಗಿಯೇ ಇತ್ತು. ಇನ್ನೊಮ್ಮೆ ಹೇಳಿದರು, ಸ್ವಲ್ಪ ದೊಡ್ಡದಾಗಿ. ಆ ದಿನ ಸಂಜೆ ಊಟ ಬಡಿಸುವ ತನಕ ಅಡುಗೆಮನೆಯಿಂದ ಆ ಶಬ್ದ ಕೇಳಿ ಬರುತ್ತಲೇ ಇತ್ತು, ಹೊಸ ಬಳೆ ಹಾಕಿಕೊಂಡ ಹುಡುಗಿ ಕೈ ಆಡಿಸಿ ನೋಡುವ ಹಾಗೆ. ಆದರೆ ಬಸ್ಸಿನ ವಿಷಯ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಇನೆಸಳ ಪೆಟ್ಟಿಗೆ ಮಹಡಿಯಿಂದ ಇಳಿದು ಜಗಲಿಯಲ್ಲಿ ಕೂತಿತ್ತು.

ಬೆಳಿಗ್ಗೆ ನೋಣಯ್ಯ ಬಂದು ಚಾಪೆ ತೆಗೆದ. ಮತ್ತೆ ದೀಪ, ಮತ್ತೆ ಕೈಮುಗಿದದ್ದು. ಅತ್ತೆ ಅವನ ಹತ್ತಿರ ಹೋಗಿ ಹೇಳಿದರು, “ಮೊದಲ ಕಳಸೆಗೆ ಇವತ್ತು ಬೇರೆ ಶಬ್ದ ನೋಣಯ್ಯ. ಉನೋ ಅಂತ ಹೇಳಬೇಕು.”

ನೋಣಯ್ಯ ತಲೆಗೆ ಕಟ್ಟಿದ ಬೈರಾಸು ಬಿಚ್ಚಿದ. “ಅಮ್ಮಾ, ನನ್ನ ಅಜ್ಜನ ಕಾಲದಿಂದ...”

“ನಿನ್ನ ಅಜ್ಜ ಎಂಥ ಹೇಳ್ತಿದ್ದ ಅಂತ ನನಗೆ ಗೊತ್ತಿಲ್ಲವಾ?”

“ಅದು ಎಂಥ ಭಾಷೆ ಅಮ್ಮಾ? ರಾಶಿಗೆ ಅರ್ಥ ಆಗ್ಲಿಕ್ಕುಂಟಾ?”

“ಇವರ ಅಜ್ಜಿಗೆ ಒಂಬತ್ತು ಮಕ್ಕಳು.”

“ಒಂಬತ್ತಾ?” ನೋಣಯ್ಯ ಇನೆಸಳನ್ನು ನೋಡಿದ, ನನ್ನನ್ನು ನೋಡಿದ, ಬೈರಾಸನ್ನು ಮತ್ತೆ ತಲೆಗೆ ಬಿಗಿದ. ಅವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಆ ಊರಿನಲ್ಲಿ ನನ್ನ ತೊಟ್ಟಿಲಿನ ಚಿಂತೆ ನನಗೊಬ್ಬಳಿಗೆ ಮಾತ್ರ ಇತ್ತೆಂದು ನಾನು ತಿಳಿದಿದ್ದೆ ನೋಡಿ!

ಕಳಸೆ ಎದ್ದಿತು. ನೋಣಯ್ಯ ಸವರಿದ. ಕಣ್ಣು ಮುಚ್ಚಿ, ತಲೆತಲಾಂತರದ ಅದೇ ರಾಗದಲ್ಲಿ, ಹೊಸ ಶಬ್ದ ಎತ್ತಿದ: “ಉ...ನೋ...ಓ...”

ಅದನ್ನು ಕೇಳಿದವರಿಗೇ ಗೊತ್ತು. ಭತ್ತ ಬುಟ್ಟಿಗೆ ಸುರಿಯುವ ತನಕ, ಸೇಸಮ್ಮ ಬುಟ್ಟಿ ಹೊತ್ತು ಒಳಗೆ ಹೋಗುವ ತನಕ, ಆ ಸ್ಪೇನಿನ ಶಬ್ದ ನಮ್ಮ ಅಂಗಳದಲ್ಲಿ ನಿಂತಿತು. ಎರಡನೆಯ ಕಳಸೆ ಎತ್ತುವಾಗ ಇನೆಸ್ ‘ದೋಸ್’ ಎನ್ನಲು ಬಾಯಿ ತೆರೆದಳು. ನಾನು ಥಟ್ಟನೆ ಅವಳ ಬಾಯಿ ಮುಚ್ಚಿದೆ. ನೋಣಯ್ಯ ನಿಶ್ಚಿಂತೆಯಿಂದ “ಎರ...ಡು” ಎಂದು ತನ್ನ ಊರಿಗೆ ವಾಪಸಾದ.

ರಾಶಿ ಮುಗಿದ ಮೇಲೆ ಅತ್ತೆ ಜಗಲಿಗೆ ಬಂದರು. ಪೆಟ್ಟಿಗೆಯನ್ನು ನೋಡಿ, “ಇದನ್ನು ಯಾರು ದಾರಿಗೆ ಅಡ್ಡ ಇಟ್ಟದ್ದು? ಕಾಲಿಗೆ ತಾಗ್ತದೆ” ಎಂದು ಗದರಿದರು. ಮತ್ತೆ ಇನೆಸಳಿಗೆ, “ಹೊತ್ತು ಏರಿತು. ಬಸದಿಗೆ ಹೋಗುವುದಿಲ್ಲವಾ?” ಎಂದರು. ನಾನು ಅದನ್ನು ಇಂಗ್ಲಿಷಿಗೆ ಮಾಡಬೇಕಾಗಲಿಲ್ಲ. ಇನೆಸ್ ಹಲಗೆ ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದಳು. ಟೊಪ್ಪಿ ಇಲ್ಲೇ ಮರೆತು ಹೋದಳು. ಪೆಟ್ಟಿಗೆಯ ಆ ಕಡೆ ಹಿಡಿಕೆ ಅತ್ತೆ, ಈ ಕಡೆ ಹಿಡಿಕೆ ನಾನು ಹಿಡಿದು, ಮಹಡಿ ಮೆಟ್ಟಿಲಲ್ಲಿ ಎರಡು ಸಲ ನಿಂತು ನಕ್ಕು, ಮೇಲೆ ಮುಟ್ಟಿಸಿದೆವು.

ಆಮೇಲೆ ನಮ್ಮ ಮನೆಯಲ್ಲಿ ಶುರುವಾಯಿತು ನೋಡಿ ಹಬ್ಬ. ಇಷ್ಟು ವರ್ಷ ಬಾಯಿ ಕಟ್ಟಿದ ಹೆಂಗಸಿಗೆ ಹೇಳಬಹುದಾದ ಒಂದು ಸಿಕ್ಕಿತ್ತು! ಉನೋ ತೆಂಗಿನಕಾಯಿ, ಉನೋ ಹಪ್ಪಳ, ಉನೋ ಗಂಟೆ. ಊಟಕ್ಕೆ ಕೂತ ನನ್ನ ಗಂಡನಿಗೆ “ಉನೋ ಸೌಟು ಹಾಕಲಾ?” ಎಂದರೆ ಅವರು ಪಾಪ, ಅದು ಯಾವ ಪದಾರ್ಥವೆಂದು ಪಾತ್ರೆಯೊಳಗೆ ಬಗ್ಗಿ ನೋಡಿದರು. ಸೇಸಮ್ಮನನ್ನು ಉನೋ ಬಾಳೆಗೊನೆ ತರಲು ಕಳಿಸಿದರು. ಇದಿನಬ್ಬ ಹಣೆ ಬಡಿದುಕೊಂಡನಂತೆ. “ಮೊದಲು ಲಾಭ ಕೇಳಿದರು. ಒಂದು ಅಂತ ಕಲಿಸಿದೆ. ಈಗ ಉನೋ! ನಾನು ಅಂಗಡಿ ಮುಚ್ಚಿ ಕನ್ಯಾನದ ಹೆಂಡತಿ ಮನೆಗೆ ಹೋಗಿ ಕೂರ್ತೇನೆ ಮಾರಾಯ್ತಿ, ನಿಮ್ಮ ಮನೆಯ ವ್ಯಾಪಾರ ನನಗೆ ಬೇಡ.” ಆದರೂ ಗೊನೆ ಚೆನ್ನಾದದ್ದನ್ನೇ ಕಳಿಸಿದ್ದ.

ಮೋಡ ಕಟ್ಟುವ ಮೊದಲು ಇನೆಸ್ ಕಂಬಗಳನ್ನು ಮುಗಿಸಿದಳು. ಹೊರಡುವ ದಿನ ಅತ್ತೆ ಅವಳಿಗೆ ತಮ್ಮ ಪೆಟ್ಟಿಗೆಯಿಂದ ರೇಷ್ಮೆಯ ಕುಪ್ಪಸದ ಕಣ ತೆಗೆದು ಕೊಟ್ಟು, ಹಣೆಗೆ ಕುಂಕುಮ ಇಟ್ಟರು. ಬಸ್ ಸ್ಟ್ಯಾಂಡಿನ ತನಕ ನಾನು ಹೋದೆ. ನನ್ನನ್ನು ತಿನ್ನುತ್ತಿದ್ದ ಪ್ರಶ್ನೆ ಕೇಳಿಯೇಬಿಟ್ಟೆ: ಅಜ್ಜಿಗೆ ನಿಜವಾಗಿಯೂ ಒಂಬತ್ತು ಮಕ್ಕಳಾ? ಇನೆಸ್ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಇಡೀ ಬಸ್ ಸ್ಟ್ಯಾಂಡ್ ನೋಡುತ್ತಿರುವಾಗ, ಜೋರಾಗಿ ನಕ್ಕಳು. ಅಷ್ಟರಲ್ಲಿ ಬಸ್ಸು ಹೊರಟಿತು. ಉತ್ತರ ನನಗೆ ಸಿಗಲಿಲ್ಲ. ಅತ್ತೆಗೆ ಈ ನಗುವಿನ ವಿಷಯ ನಾನು ಹೇಳಲಿಲ್ಲ.

ಮರು ವರ್ಷ ಮಗಳು ಪದ್ಮಾಕ್ಷಿ ಹುಟ್ಟಿದಳು. ಉನೋದಿಂದ ಹುಟ್ಟಿದಳೆಂದು ನಾನು ಹೇಳುವುದಿಲ್ಲ. ಅತ್ತೆ ಹೇಳುತ್ತಿದ್ದರು, ಅವರ ಜೊತೆ ವಾದ ಮಾಡಿ ನನಗೆ ಯಾವತ್ತೂ ಗೆದ್ದು ಅಭ್ಯಾಸವಿಲ್ಲ. ಅದೂ ಅಲ್ಲದೆ, ಮಗುವನ್ನು ಎದೆಗೆ ಹಾಕಿಕೊಂಡ ಮೇಲೆ ಯಾರಿಗೆ ವಾದ ಬೇಕು? ತೊಟ್ಟಿಲಿಗೆ ಹಾಕುವ ದಿನ ಬಂದ ಹೆಂಗಸರು “ಮೊಮ್ಮಕ್ಕಳೆಷ್ಟು ಅನಂತಮತಿಯಮ್ಮ?” ಎಂದು ಬೇಕೆಂದೇ ಕೆಣಕಿದರು. ದೇವರು ಕೊಟ್ಟಷ್ಟು ಎಂಬ ಹಳೆಯ ಉತ್ತರಕ್ಕೆ ಎಲ್ಲರೂ ಕಾದಿದ್ದರು. ಅತ್ತೆ ತಲೆಯೆತ್ತಿ “ಉನೋ!” ಎಂದರು. ಬೆಳ್ತಂಗಡಿಯಿಂದ ಬಂದ ಚಿಕ್ಕತ್ತೆಯವರು ಅದೇ ಮಗುವಿನ ಹೆಸರೆಂದು ತಿಳಿದು, ಇದೆಂಥ ಹೆಸರಪ್ಪ ಎಂದು ಊಟ ಮುಗಿಯುವ ತನಕ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು.

ಅರವತ್ತೊಂದರಲ್ಲಿ ಮತ್ತೆ ತುಂಬಿದ ಬಸುರಿ ನಾನು. ಹೆರಿಗೆ ಮನೆಯಲ್ಲೇ, ಕಾವೇರಮ್ಮ ಎಂಬ ಸೂಲಗಿತ್ತಿಯ ಕೈಯಲ್ಲಿ. ಬೆಳಿಗ್ಗೆ ಗಂಜಿಯ ಹೊತ್ತಿಗೆ ಗಂಡು ಮಗು. ಕಾವೇರಮ್ಮ ಮಗುವನ್ನು ತೊಳೆದು ಬಟ್ಟೆಯಲ್ಲಿ ಸುತ್ತಿ ಹೊರಗೆ ಜಗಲಿಗೆ ಒಯ್ದಳು. ನಾನು ಒಳಗೆ ಮಲಗಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಸೊಂಟದಲ್ಲಿ ಪದ್ಮಾಕ್ಷಿಯನ್ನು ಎತ್ತಿಕೊಂಡು ನಿಂತದ್ದು ನನಗೆ ಕಾಣುತ್ತಿತ್ತು. ಬಿಸಿನೀರಿನ ಚೆಂಬು ಹಿಡಿದು ಸೇಸಮ್ಮ ಪಕ್ಕದಲ್ಲಿದ್ದಳು. ಅಂಗಳದಲ್ಲಿ ನೋಣಯ್ಯ.

“ಈಗ ಎಷ್ಟಾಯ್ತು ಅಮ್ಮಾ?” ಎಂದ ನೋಣಯ್ಯ, ಅಂಗಳದಿಂದಲೇ.

ಉನೋ, ಎರಡು ಎನ್ನುವರೆಂದು ನಾನು ಕಾದೆ. ಅತ್ತೆ ಸೊಂಟದಲ್ಲಿದ್ದ ಮಗಳ ತಲೆಯ ಮೇಲೆ ಕೈಯಿಟ್ಟರು.

“ಒಂದು,” ಎಂದರು.

ಕಾವೇರಮ್ಮನ ಕೈಯಲ್ಲಿದ್ದ ಮಗುವಿನ ಹಣೆ ಮುಟ್ಟಿದರು.

“ಎರಡು.”

ನೋವು, ದಣಿವು ಎಲ್ಲ ಮರೆತು ನಾನು ಮೊಣಕೈ ಊರಿ ಎದ್ದೆ. “ಅತ್ತೆ! ಎಂಥ ಹೇಳಿದ್ರಿ?”

“ಮಲಗು ನೀನು. ಎದ್ದರೆ ನರ ಹಿಡಿಯುತ್ತದೆ.”

“ಇನ್ನೊಮ್ಮೆ ಹೇಳಿ ಅತ್ತೆ. ಉನೋ ಎಲ್ಲಿ ಹೋಯ್ತು?”

“ಎರಡು ಬಂತಲ್ಲ, ಇನ್ನು ನನಗೆ ಯಾರ ಹೆದರಿಕೆ?” ಅವರ ಮುಖ ನಗುತ್ತಿತ್ತು. ಬಾಗಿಲಿನ ಹತ್ತಿರ ಬಂದು, ನಾನು ಒಮ್ಮೆ ನಿಂತ ಹಾಗೆಯೇ ಖಾಲಿ ಕೈಯನ್ನು ಸೊಂಟಕ್ಕಿಟ್ಟು, ನನ್ನದೇ ಮಾತನ್ನು ನನಗೇ ತಿರುಗಿಸಿ ಕೊಟ್ಟರು. ಸ್ವರ ಗೇಟು ದಾಟಿ ಬಸದಿಯ ಬೀದಿಯ ತನಕ ಹೋಗಿರಬೇಕು.

“ಒಂದು! ಒಂದು! ಒಂದು! ನೋಡುವ, ಎಂಥ ಬೀಳ್ತದೆ ಅಂತ!”

ಸೇಸಮ್ಮನ ಕೈಯಿಂದ ಚೆಂಬು ಬಿತ್ತು.